ದಾಸ್ತಾನು ಮತ್ತು ದಾಸೋಹ

ಗಜೇಂದ್ರಗಡದ ಕುಣಿ ಮಗ್ಗದಲ್ಲಿ ನೇಯ್ದ ಪಟ್ಟೇದ ಅಂಚಿನ ಸೀರೆ ಅಂಗಡಿಯ ಗಲ್ಲೆಯ ಮುಂದೆ ಬಿಚ್ಚಿಕೊಳ್ಳುವ ಹೊತ್ತಿಗೆ ಏಳೆಂಟು ಕೈ ದಾಟಿ ಬಂದಿರುತ್ತದೆ. ಹತ್ತಿ ಬೆಳೆದ ರೈತ, ಅಡತಿ ಅಂಗಡಿ, ಅರಳೆ ಬಿಡಿಸುವ ಜಿನ್ನಿಂಗ್ ಕಾರ್ಖಾನೆ, ನೂಲಿನ ಗಿರಣಿ, ನೂಲಿನ ವ್ಯಾಪಾರಿ, ಬಣ್ಣ ಹಾಕುವವರು, ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಸಾವುಕಾರ, ನೇಕಾರ, ಕೊನೆಗೆ ಬಟ್ಟೆ ಅಂಗಡಿ. ಇವರಲ್ಲಿ ಪ್ರತಿಯೊಬ್ಬರಿಗೂ ತಮ್ಮ ಹಿಂದಿನ ಕೈ ಗೊತ್ತು, ಮುಂದಿನ ಕೈ ಗೊತ್ತು. ಅದರಾಚೆಗೆ ಎಲ್ಲ ಮಬ್ಬು. ನರಗುಂದದ ಎರೆಹೊಲದಲ್ಲಿ ಬಿಡಿಸಿದ ಹತ್ತಿ ತಮಿಳುನಾಡಿನ ಯಾವುದೋ ಗಿರಣಿಯಲ್ಲಿ ನೂಲಾಗಿ ಇದೇ ಗದಗ ಜಿಲ್ಲೆಯ ಮಗ್ಗಕ್ಕೆ ಮರಳಿ ಬಂದಿದ್ದರೂ ಇರಬಹುದು. ಅದನ್ನು ಗುರುತಿಸುವ ದಾರಿ ಹೊಲದವನಿಗೂ ಇಲ್ಲ, ಮಗ್ಗದವನಿಗೂ ಇಲ್ಲ.

ಈ ಕೈಗಳ ಸಾಲಿಗೆ ಈಗಿನ ವ್ಯವಹಾರ ಶಾಸ್ತ್ರ ಪೂರೈಕೆ ಸರಪಳಿ ಎಂದು ಹೆಸರಿಟ್ಟಿದೆ. ಅದರ ನಿರ್ವಹಣೆ ಎಂಬ ಮಾತನ್ನು 1982ರಲ್ಲಿ ಕೀತ್ ಆಲಿವರ್ ಎಂಬ ಸಲಹೆಗಾರ ಬಳಕೆಗೆ ತಂದ. ಹೆಸರು ಹೊಸದಾದರೂ ಕೆಲಸ ಹಳೆಯದು: ಏನು ಎಲ್ಲಿಂದ ಬರುತ್ತದೆ, ಯಾರಿಗೆ ಯಾವಾಗ ಬೇಕಾಗುತ್ತದೆ, ಎಷ್ಟು ದಿನ ಇಟ್ಟುಕೊಂಡರೆ ಲಾಭ, ಯಾರಿಗೆ ಉದ್ರಿ ಕೊಟ್ಟರೆ ರೊಕ್ಕ ಮುಳುಗುವುದಿಲ್ಲ ಎಂಬುದನ್ನು ಬಲ್ಲವರೇ ವ್ಯಾಪಾರ ಮಾಡಿದ್ದಾರೆ. ದೊಡ್ಡ ಕಂಪನಿಗಳಲ್ಲಿ ಈ ತಿಳಿವಳಿಕೆ ಕಂಪ್ಯೂಟರಿನಲ್ಲಿ ಇರುತ್ತದೆ. ರೋಣದ ಕಾಳಿನ ಅಂಗಡಿಯಲ್ಲೋ ಗಜೇಂದ್ರಗಡದ ನೇಕಾರ ಓಣಿಯಲ್ಲೋ ಅದು ಒಬ್ಬ ಹಿರಿಯನ ತಲೆಯಲ್ಲಿ, ಅಂಗಿಯ ಕಿಸೆಯ ಸಣ್ಣ ವಹಿಯಲ್ಲಿ, ಮೊಬೈಲಿನ ನಾಲ್ಕು ನಂಬರುಗಳಲ್ಲಿ ಕುಳಿತಿರುತ್ತದೆ. ಆ ಹಿರಿಯ ತೀರಿಕೊಂಡರೆ ಅಂಗಡಿ ಉಳಿದರೂ ವ್ಯಾಪಾರ ಉಳಿಯದೇ ಹೋಗುವುದುಂಟು.

ಧರ್ಮದ ಪ್ರಶ್ನೆ ಹುಟ್ಟುವುದು ಇಲ್ಲಿ. ಸರಕನ್ನು ಬಚ್ಚಿಡುವುದು ತಪ್ಪು ಎಂದು ಎಲ್ಲ ಮತಗಳೂ ಒಂದಲ್ಲ ಒಂದು ಬಗೆಯಲ್ಲಿ ಹೇಳಿವೆ. ಸರಕಿನ ಬಗೆಗಿನ ಅರಿವನ್ನು ಬಚ್ಚಿಡುವುದು? ಅದು ಕಷ್ಟಪಟ್ಟು ಗಳಿಸಿದ ಆಸ್ತಿಯೇ, ಅಥವಾ ಅದೂ ಒಂದು ಬಗೆಯ ಕಳ್ಳ ದಾಸ್ತಾನೇ?

ಪ್ರಶ್ನೆಯ ತೂಕ ತಿಳಿಯಬೇಕಾದರೆ ಮಗ್ಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೇಕಾರ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ. ಪಾದದ ಕೆಳಗೆ ತುಳಿಯುವ ಹಲಗೆಗಳು, ಎದೆಯ ಮುಂದೆ ಹಾಸು, ಕೈಯಲ್ಲಿ ಲಾಳಿ. ಲಾಳಿಯೊಳಗಿನ ಕಂಡಿಕೆ ಮುಗಿದರೆ ಹೊಕ್ಕಿನ ನೂಲನ್ನು ಆ ಗಳಿಗೆಯಲ್ಲೇ ಬದಲಿಸಬಹುದು. ಹಾಸನ್ನು ಹಾಗೆ ಬದಲಿಸಲು ಬರುವುದಿಲ್ಲ. ಒಮ್ಮೆ ಏರಿಸಿದ ಹಾಸು ಹಲವು ಸೀರೆಗಳಿಗೆ ಆಗುವಷ್ಟು ಉದ್ದವಿರುತ್ತದೆ. ಅದರ ಬಣ್ಣ, ಅದರ ಅಂಚು ನಿರ್ಧಾರವಾದ ಮೇಲೆ ಅಷ್ಟೂ ಸೀರೆ ಅದೇ ಅಂಚಿನವು. ಅಂದರೆ ಹಾಸು ಏರಿಸುವ ದಿನವೇ, ಎಷ್ಟೋ ವಾರಗಳ ಆಚೆ ಯಾರು ಏನು ಉಡುತ್ತಾರೆ ಎಂಬ ಊಹೆಯನ್ನು ಮಗ್ಗಕ್ಕೆ ಕಟ್ಟಿದಂತಾಯಿತು. ಊಹೆ ಸಾವುಕಾರನದು. ಅದಕ್ಕೆ ಬೇಕಾದ ತಿಳಿವಳಿಕೆ ಎಲ್ಲಿಂದ ಬಂತು ಎಂಬುದು ನೇಕಾರನಿಗೆ ಕಾಣದು. ಮುಂದಿನ ಹಂಗಾಮಿಗೆ ಬೇಡಿಕೆ ಇದೆಯೇ ಎಂಬುದು ಅವನಿಗೆ ತಿಳಿಯುವುದು ಮುಂದಿನ ಹಾಸು ಬಂದಾಗ, ಇಲ್ಲವೇ ಬಾರದೇ ಹೋದಾಗ. ಮಗ್ಗ ಖಾಲಿ ಬಿದ್ದ ದಿನಗಳಿಗೆ ಮಜೂರಿ ಇಲ್ಲ. ತಪ್ಪು ಊಹೆಯ ಬೆಲೆಯಲ್ಲಿ ಒಂದು ಪಾಲು ಹೀಗೆ ಊಹೆ ಮಾಡದವನ ಮೇಲೆ ಬೀಳುತ್ತದೆ.

ಬೇಡಿಕೆಯ ಪಂಚಾಂಗವಂತೂ ಬಹುಮಟ್ಟಿಗೆ ದೇವರ ಪಂಚಾಂಗವೇ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಬನಶಂಕರಿ ಅನೇಕ ನೇಕಾರ ಮನೆತನಗಳ ಕುಲದೇವತೆಯೂ ಹೌದು. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮ. ಆಮೇಲೆ ಲಗ್ನಗಳು. ದೀಪಾವಳಿಯಲ್ಲಿ ಅಂಗಡಿಕಾರರು ಹೊಸ ಖಾತೆ-ಕೀರ್ದಿಗೆ ಕುಂಕುಮ ಹಚ್ಚಿ ಲಕ್ಷ್ಮೀಪೂಜೆ ಮಾಡುವಾಗ, ಬರೆಯದ ಒಂದು ಖಾತೆಗೂ ಪೂಜೆ ಆಗುತ್ತಿರುತ್ತದೆ: ಯಾವ ಊರಿನ ಜಾತ್ರೆಗೆ ಎಷ್ಟು ಹೋಗುತ್ತದೆ ಎಂಬ ನೆನಪಿನ ಖಾತೆಗೆ.

ಈ ನೆಲದಲ್ಲಿ ವ್ಯಾಪಾರ ಮತ್ತು ಧರ್ಮ ಬೇರೆ ಬೇರೆ ಕೋಣೆಗಳಲ್ಲಿ ಇದ್ದದ್ದು ಕಡಿಮೆ. ಗಜೇಂದ್ರಗಡದ ಸಮೀಪದ ಸೂಡಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆ ಇದ್ದ ಊರು. ಲಕ್ಕುಂಡಿಯಲ್ಲೂ ನಾಣ್ಯ ಅಚ್ಚಾಗುತ್ತಿತ್ತು. ಉತ್ತರಕ್ಕೆ ಐಹೊಳೆ. ಅಲ್ಲಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ, ಕಡಲಾಚೆಗೂ ಹರಡಿತ್ತು. ಶಾಸನಗಳು ಅವರನ್ನು ವೀರಬಣಂಜು ಧರ್ಮವನ್ನು ಕಾಯುವವರು ಎಂದು ಹೊಗಳುತ್ತವೆ. ವ್ಯಾಪಾರವನ್ನೇ ಒಂದು ಧರ್ಮ ಎಂದು ಕರೆದುಕೊಂಡ ಸಂಘ ಅದು. ದೇವಾಲಯಕ್ಕೆ ದತ್ತಿ ಬಿಡುವಾಗ ಇಂಥ ಸರಕಿನ ಒಂದು ಹೇರಿಗೆ ಇಷ್ಟು ಎಂದು ಕಲ್ಲಿನಲ್ಲಿ ಕೆತ್ತಿಸುವ ರೂಢಿ ಆ ಕಾಲದ್ದು. ಉದ್ದೇಶ ಪುಣ್ಯ, ಪರಿಣಾಮ ಮಾತ್ರ ಇನ್ನೊಂದು. ಯಾವ ಸರಕು ಆ ದಾರಿಯಲ್ಲಿ ಓಡಾಡುತ್ತದೆ, ಅದರ ಮೇಲೆ ಎಷ್ಟು ಬೀಳುತ್ತದೆ ಎಂಬುದು ಓದುಬಲ್ಲ ಯಾರಿಗಾದರೂ ತೆರೆದ ಲೆಕ್ಕವಾಯಿತು.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು ಎಂದು ಅವಳ ಖ್ಯಾತಿ. ಅರಿವನ್ನು ಪೆಟ್ಟಿಗೆಯಲ್ಲಿ ಇಡದೆ ಹಂಚುವುದು ದಾನಗಳಲ್ಲಿ ಒಂದು ಎಂಬುದು ಜೈನರ ಎಣಿಕೆ. ಅದಕ್ಕೆ ಶಾಸ್ತ್ರದಾನ ಎಂದು ಹೆಸರು. ಧರ್ಮಗ್ರಂಥಕ್ಕೆ ಸಲ್ಲುವ ಈ ಮಾತು ನೂಲಿನ ದರಕ್ಕೂ ಸಲ್ಲುತ್ತದೆಯೇ ಎಂದು ಕೇಳಿದರೆ ಕೆಲವರಿಗೆ ನಗು ಬರಬಹುದು. ಆದರೆ ವ್ಯಾಪಾರದ ನೀತಿಯನ್ನು ಗೃಹಸ್ಥರ ನಡತೆ ಹೇಳುವ ಜೈನ ಶ್ರಾವಕಾಚಾರಗಳಷ್ಟು ಬಿಡಿಸಿ ನೋಡಿದ ಗ್ರಂಥಗಳು ಕಡಿಮೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತ ಜಾರುವ ಬಗೆಗಳನ್ನು, ಹೇಳುತ್ತದೆ: ಕಳ್ಳನಿಗೆ ಕುಮ್ಮಕ್ಕು ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ಸರಕು ಸಾಗಿಸುವುದು, ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ಒಂದರಂತೆ ತೋರುವ ಇನ್ನೊಂದನ್ನು ದಾಟಿಸುವುದು. ಕೊನೆಯದಕ್ಕೆ ಪ್ರತಿರೂಪಕ ವ್ಯವಹಾರ ಎಂದು ಹೆಸರು. ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗದ್ದು ಎಂದು ಮಾರುವುದಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. 1985ರ ಕೈಮಗ್ಗ ಮೀಸಲು ಕಾಯಿದೆ ಕೆಲವು ಬಗೆಯ ಬಟ್ಟೆಗಳನ್ನು ವಿದ್ಯುತ್ ಮಗ್ಗದಲ್ಲಿ ನೇಯುವುದನ್ನೇ ತಡೆಯಲು ಹೊರಟಿತು.

ಇನ್ನೂ ಕುತೂಹಲದ್ದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ. ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಗೃಹಸ್ಥ ಜಾರಬಹುದಾದ ಐದು ಜಾಗಗಳನ್ನು ಅದು ಗುರುತಿಸುತ್ತದೆ. ಅತಿವಾಹನ: ಎತ್ತುಗಳನ್ನು ಅವು ಸುಖವಾಗಿ ಹೋಗಬಲ್ಲ ದೂರಕ್ಕಿಂತ ಹೆಚ್ಚು ಓಡಿಸುವುದು. ಅತಿಸಂಗ್ರಹ: ಮುಂದೆ ದರ ಏರುತ್ತದೆಂದು ಕಾಳು ತುಂಬಿಡುವುದು. ವಿಸ್ಮಯ: ತಾನು ಮಾರಿದ ಮಾಲಿನಲ್ಲಿ ಬೇರೆಯವನು ಹೆಚ್ಚು ಲಾಭ ಕಂಡಾಗ ಹೊಟ್ಟೆಯೊಳಗೆ ಏಳುವ ಕಳವಳ. ಆಮೇಲೆ ಲೋಭ, ಕೊನೆಗೆ ಅತಿಭಾರವಾಹನ, ಎಂದರೆ ತಾಳಲಾರದ ಹೊರೆ ಹೇರುವುದು. ಐದರಲ್ಲಿ ಎರಡು ಸಾಗಾಣಿಕೆಗೆ ಸೇರಿದ್ದು, ಒಂದು ದಾಸ್ತಾನಿಗೆ. ಮೂರನೆಯದಾದ ವಿಸ್ಮಯವಂತೂ ಅಪ್ಪಟ ಮನಸ್ಸಿನ ವ್ಯಾಪಾರ. ನಿನ್ನೆ ಕಡಲೆ ಮಾರಿದವನು ಇವತ್ತಿನ ದರ ಕೇಳಿ ಚಹಾದಂಗಡಿಯಲ್ಲಿ ಮುಖ ಬಾಡಿಸಿಕೊಂಡು ಕೂರುವುದನ್ನು ಕಂಡವರಿಗೆ ಆ ವಿಸ್ಮಯದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಾರುಕಟ್ಟೆಯ ಅರಿವು ಒಂದು ದಿನ ತಡವಾಗಿ ಬಂದರೆ ಅದು ಅರಿವಾಗಿ ಉಳಿಯದೆ ಸಂಕಟವಾಗುತ್ತದೆ ಎಂಬುದನ್ನು ಆಚಾರ್ಯರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಹನ್ನೆರಡನೆಯ ಶತಮಾನದ ಶರಣರು ಇದೇ ಪ್ರಶ್ನೆಯನ್ನು ವ್ರತದ ಪಟ್ಟಿಯಿಂದ ತೆಗೆದು ಮನೆಯ ಒಲೆಯ ಮುಂದೆ ತಂದಿಟ್ಟರು. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ಬಿದ್ದ ಜಾಗದಲ್ಲೇ ಸುರಿದು ಬರಲು ಹೇಳಿದಳು. ಈ ಕತೆಯನ್ನು ಕಾರ್ಖಾನೆಗಳ ಇಂದಿನ ಪಾಠಕ್ಕೆ ಹೋಲಿಸುವ ಆಸೆ ಯಾರಿಗಾದರೂ ಆದೀತು. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೋ ರೂಪಿಸಿದ ಪದ್ಧತಿಯೂ ಬೇಕಾದಾಗ ಬೇಕಾದಷ್ಟೇ ತರಿಸು, ಗೋದಾಮು ತುಂಬಬೇಡ ಎನ್ನುತ್ತದೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ದೊಡ್ಡ ಕೊಳ್ಳುಗ ತನ್ನ ಗೋದಾಮು ಖಾಲಿ ಇಟ್ಟುಕೊಂಡಾಗ ಆ ದಾಸ್ತಾನು ಮಾಯವಾಗುವುದಿಲ್ಲ, ಅನೇಕ ವೇಳೆ ಅದು ಸಣ್ಣ ಪೂರೈಕೆದಾರನ ಮನೆಯ ಮೂಲೆಗೆ ಬಂದು ಬೀಳುತ್ತದೆ. ಅಂಗಡಿಯವರು ಮಾರಾಟವಾದಷ್ಟಕ್ಕೆ ರೊಕ್ಕ, ಉಳಿದದ್ದು ವಾಪಸು ಎಂಬ ಕರಾರಿನ ಮೇಲೆ ಸೀರೆ ಇಟ್ಟುಕೊಂಡರೆ ಆಗುವುದು ಇದೇ. ಲಕ್ಕಮ್ಮ ಹೊರೆಯನ್ನು ಇನ್ನೊಬ್ಬರ ತಲೆಗೆ ದಾಟಿಸಲಿಲ್ಲ. ತನ್ನ ಆಸೆಯ ಅಳತೆಯನ್ನು ಕಡಿಮೆ ಮಾಡಿಕೊಂಡಳು. ಅವಳ ಎಣಿಕೆಯಲ್ಲಿ ಹೆಚ್ಚಿನ ಅಕ್ಕಿ ಎಂದರೆ ಬೇರೆ ಯಾರದೋ ಪಾಲು.

ನುಲಿಯ ಚಂದಯ್ಯನ ಕತೆ ಬೆಲೆಯದು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಬಂದುದರಲ್ಲಿ ದಾಸೋಹ ಮಾಡುವವನು ಅವನು. ಕಳಚಿ ಬಿದ್ದ ಇಷ್ಟಲಿಂಗ ಅವನ ಹಿಂದೆ ಬಂದು ಸೇವೆಗೆ ನಿಂತಾಗ ಹಗ್ಗ ಮಾರಿಕೊಂಡು ಬರುವ ಕೆಲಸ ಅದರ ಪಾಲಿಗೆ ಬಂತಂತೆ. ಬಸವಣ್ಣ ಹಗ್ಗದ ಬೆಲೆಗಿಂತ ಎಷ್ಟೋ ಹೆಚ್ಚು ಹೊನ್ನು ಕೊಟ್ಟು ಕಳಿಸಿದ. ಚಂದಯ್ಯ ಹಿಗ್ಗಲಿಲ್ಲ, ಸಿಟ್ಟಾದ. ಹಗ್ಗದ ಬೆಲೆ ಹಗ್ಗಕ್ಕೆ ತಕ್ಕಷ್ಟೇ ಇರಬೇಕು. ಮಾರಿಕೊಂಡು ಬಂದವನು ಸಾಕ್ಷಾತ್ ದೇವರೇ ಆದರೂ ನಡುವಿನವನು ತಂದ ಲೆಕ್ಕವನ್ನು ಹಗ್ಗ ಹೊಸೆದವನು ಕೇಳುವ ಹಕ್ಕು ಇಟ್ಟುಕೊಂಡಿದ್ದಾನೆ ಎಂಬುದೇ ಈ ಕತೆಯ ವಿಶೇಷ. ಇಲ್ಲಿ ದಲ್ಲಾಳಿ ಲಿಂಗ, ಮಾಲು ಯಾರಿಗೆ ಹೋಯಿತು, ಎಷ್ಟು ಬಂತು ಎಂಬುದು ಚಂದಯ್ಯನಿಗೆ ಪೂರ್ತಿ ಗೊತ್ತು. ಬಹಳ ಮಂದಿ ನೇಕಾರರಿಗೆ ತಮ್ಮ ಸೀರೆ ಬೆಂಗಳೂರಿನಲ್ಲಿ ಎಷ್ಟಕ್ಕೆ ಹೋಯಿತು ಎಂಬುದು ಇಷ್ಟು ಖಚಿತವಾಗಿ ತಿಳಿಯದು.

ನೇಕಾರರ ಪಾಲಿನ ಶರಣ ದೇವರ ದಾಸಿಮಯ್ಯ, ಬಸವಣ್ಣನಿಗಿಂತ ಹಿಂದಿನವನು, ಯಾದಗಿರಿ ಜಿಲ್ಲೆಯ ಮುದನೂರಿನವನು. ಬಹುಕಾಲ ನೇಯ್ದ ಬಟ್ಟೆಯನ್ನು ಅವನು ಜಂಗಮನ ವೇಷದಲ್ಲಿ ಬಂದ ಶಿವನಿಗೆ ಕೊಟ್ಟ, ಶಿವ ಅದನ್ನು ಹರಿದು ಚೂರು ಮಾಡಿದರೂ ಬೇಸರಿಸಲಿಲ್ಲ, ಬದಲಿಗೆ ತೀರದ ಕಾಳಿನ ತವನಿಧಿ ಪಡೆದ ಎಂಬುದು ಐತಿಹ್ಯ. ಭಕ್ತಿಯ ಕತೆಯಾಗಿ ಇದು ದೊಡ್ಡದು. ವ್ಯಾಪಾರದ ಪಾಠವಾಗಿ ತೆಗೆದುಕೊಂಡರೆ ಅಪಾಯದ್ದು. ಕಾಯಕವನ್ನು ಹೊಗಳುವ ಭಾಷಣಗಳಲ್ಲಿ ಈ ಅಪಾಯ ಆಗಾಗ ಕಾಣಿಸುತ್ತದೆ: ದುಡಿಮೆ ಪೂಜೆ, ಆದ್ದರಿಂದ ಫಲದ ವಿಚಾರ ಕೇಳಬೇಡ ಎಂಬಂತೆ ಮಾತು ಹೊರಳುತ್ತದೆ. ಶರಣರ ಮಾತಿನಲ್ಲಿ ಕಾಯಕದ ಜೋಡಿ ದಾಸೋಹ. ದಾಸೋಹವನ್ನು ಬಿಟ್ಟು ಕಾಯಕವೊಂದನ್ನೇ ಹೊಗಳಿದರೆ ನೇಕಾರನನ್ನು ಕುಣಿಯಲ್ಲೇ ಕೂಡಿಸಿ ಹೂವಿನ ಹಾರ ಹಾಕಿದಂತೆ.

ದಾಸ್ತಾನು ಎಲ್ಲ ಕಾಲಕ್ಕೂ ಪಾಪವೂ ಅಲ್ಲ. ಈ ಭಾಗದ ಎರೆನಾಡಿನ ಹಗೇವು ಅದಕ್ಕೆ ಸಾಕ್ಷಿ. ನೆಲದಲ್ಲಿ ಆಳವಾಗಿ ತೋಡಿದ ಕುಣಿ. ಗೋಡೆಗೂ ತಳಕ್ಕೂ ಒಣಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತಿದರೆ ಗಾಳಿಯಿಲ್ಲದ ಆ ಕತ್ತಲಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆಗೆಯುವಾಗ ಅವಸರ ಸಲ್ಲದು. ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಕೆಳಗೆ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ, ಇಳಿದವನು ಮೇಲೆ ಬರುವುದಿಲ್ಲ. 1876–78ರ ಬರದಂಥ ಕಾಲದಲ್ಲಿ ಇಂಥ ಕುಣಿ ಅನ್ನದ ಕೊನೆಯ ಆಸರೆ. ಅದೇ ಜೋಳವನ್ನು ಊರು ಹಸಿದಿರುವಾಗ ದರಕ್ಕಾಗಿ ಮುಚ್ಚಿಟ್ಟರೆ ಅದು ಸಮಂತಭದ್ರರ ಅತಿಸಂಗ್ರಹ. 1955ರ ಅಗತ್ಯ ವಸ್ತುಗಳ ಕಾಯಿದೆಯ ಮಾತಿನಲ್ಲಿ ಅಪರಾಧವೂ ಆಗಬಹುದು. ಕಾಳು ಒಂದೇ, ಕುಣಿ ಒಂದೇ. ಕಾಲ ಮತ್ತು ಉದ್ದೇಶ ಬೇರೆ. ಹಗೇವಿನಲ್ಲಿ ಎಷ್ಟಿದೆ ಎಂಬುದು ಊರಿಗೆ ಗೊತ್ತಿತ್ತೇ ಇಲ್ಲವೇ ಎಂಬುದೂ ಪುಣ್ಯಪಾಪದ ಲೆಕ್ಕದಲ್ಲಿ ಬರುತ್ತದೆ, ಏಕೆಂದರೆ ಕಾಳಿದೆ ಎಂಬ ಸುದ್ದಿ ಊರಿನ ಅಂಜಿಕೆಯನ್ನೂ ಇಳಿಸುತ್ತದೆ, ದರವನ್ನೂ ಇಳಿಸುತ್ತದೆ. ಮುಚ್ಚಿಡುವವನು ಕಾಳಿಗಿಂತ ಮೊದಲು ಮುಚ್ಚಿಡುವುದು ಈ ಸುದ್ದಿಯನ್ನು.

ಸುದ್ದಿ ಮುಚ್ಚಿಡುವುದಕ್ಕೂ ಒಂದು ಕಲೆ ಇತ್ತು. ದನದ ಸಂತೆಗಳಲ್ಲಿ ಇಬ್ಬರು ಕೈ ಕುಲುಕಿದಂತೆ ಹಿಡಿದು ಮೇಲೆ ಟವೆಲ್ ಹಾಕಿಕೊಳ್ಳುತ್ತಾರೆ. ಒಳಗೆ ಬೆರಳಿನ ಮಾತು. ಇಷ್ಟು ಬೆರಳು ಒತ್ತಿದರೆ ಇಷ್ಟು ಸಾವಿರ, ಮಡಚಿದರೆ ಇಷ್ಟು. ಮುಖದಲ್ಲಿ ಏನೂ ಇಲ್ಲ. ಸುತ್ತ ನಿಂತ ಹತ್ತು ಮಂದಿಗೆ ಎತ್ತು ಕಾಣುತ್ತದೆ, ದರ ಕಾಣುವುದಿಲ್ಲ. ಅರ್ಥಶಾಸ್ತ್ರಜ್ಞ ಹಯೆಕ್ 1945ರಲ್ಲಿ ಬರೆದ ಹೆಸರಾದ ಪ್ರಬಂಧದ ವಾದದ ಪ್ರಕಾರ, ಸಮಾಜದಲ್ಲಿ ಚೂರುಚೂರಾಗಿ ಚೆದುರಿರುವ ತಿಳಿವಳಿಕೆಯನ್ನು ಒಟ್ಟುಗೂಡಿಸುವ ಸಂಕೇತವೇ ಬೆಲೆ. ಯಾರಿಗೂ ಎಲ್ಲ ಗೊತ್ತಿರಬೇಕಾಗಿಲ್ಲ, ಬೆಲೆ ನೋಡಿ ನಡೆದರೆ ಸಾಕು. ಟವೆಲಿನ ಕೆಳಗಿನ ಬೆಲೆ ಈ ವಾದಕ್ಕೆ ತೊಡಕು. ಬೆಲೆಯೇ ಮುಚ್ಚಿದ್ದಾಗ ಯಾವ ಸಂಕೇತ ಯಾರಿಗೆ ತಲುಪಬೇಕು? ಕೃಷಿ ಮಾರುಕಟ್ಟೆಗಳಲ್ಲಿ ಈಗ ಕಂಪ್ಯೂಟರ್ ಮೂಲಕ ಟೆಂಡರು. ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು 2014ರಲ್ಲಿ ತಂದಿತು. ದೇಶದ ಇ-ನಾಮ್ ಬಂದದ್ದು 2016ರಲ್ಲಿ. ಹೆಸರು, ಕಡಲೆ, ಮೆಣಸಿನಕಾಯಿಯ ದರವನ್ನು ರೈತ ಮೊಬೈಲಿನಲ್ಲಿ ನೋಡಬಹುದು. ಕಾಳಿಗೆ ಟವೆಲು ಇಷ್ಟಾದರೂ ಸರಿದಿದೆ. ಕೈಮಗ್ಗದ ಸೀರೆಗೆ ಹಾಗೆ ನೋಡಲು ಸಿಗುವ ದರ ಎಲ್ಲಿಯೂ ಇಲ್ಲ.

ಸಾವುಕಾರನ ಪರವಾಗಿಯೂ ಒಂದು ಮಾತಿದೆ, ಅದು ಹಗುರವಾದದ್ದಲ್ಲ. ಯಾವ ಅಂಗಡಿ ಮುಳುಗುತ್ತದೆ, ಯಾವುದು ತಡವಾದರೂ ಕೊಡುತ್ತದೆ ಎಂಬ ಅರಿವನ್ನು ಅವನು ಕೊಂಡದ್ದು ಮುಳುಗಿದ ಉದ್ರಿಗಳಿಂದ. ನೂಲಿಗೆ ಮೊದಲು ರೊಕ್ಕ ಸುರಿಯುವವನು ಅವನು, ಮಾರಾಟವಾಗದ ಸೀರೆ ಮಡಚಿಟ್ಟುಕೊಂಡು ಕೂರುವವನೂ ಅವನೇ. ಗಿರಾಕಿಯ ವಿಳಾಸವನ್ನು ಎಲ್ಲರಿಗೂ ಹೇಳಿಬಿಟ್ಟರೆ ನಾಳೆ ಅವನ ಕೆಲಸವೇ ಉಳಿಯದು. ನೇಕಾರನಿಗೂ ಗುಟ್ಟುಗಳಿವೆ: ಅಂಚು ಎಳೆಯುವ ಬಗೆ, ಬಣ್ಣದ ಪಾಕ, ಮನೆತನದ ಕೈಚಳಕ. ಅವನ್ನು ಹೊರಗೆ ಹಾಕು ಎಂದು ಯಾವ ಧರ್ಮವೂ ಹೇಳಿಲ್ಲ.

ಹಾಗಾದರೆ ಗೆರೆ ಎಲ್ಲಿ? ಜೈನರ ಅತಿಚಾರಗಳ ಪಟ್ಟಿಯಲ್ಲೇ ಉತ್ತರದ ಸುಳಿವಿದೆ. ಗುಟ್ಟಿನಲ್ಲಿ ಎರಡು ಜಾತಿ. ಒಂದು, ಇನ್ನೊಬ್ಬನಿಗೆ ತಿಳಿಯದಿದ್ದರೂ ಅವನ ಲೆಕ್ಕ ಕೆಡದಂಥದ್ದು. ಬಣ್ಣದ ಪಾಕ ಹೀಗೆ. ಇನ್ನೊಂದು, ಎದುರಿನವನು ತನ್ನ ವ್ಯವಹಾರವನ್ನು ಅಳೆಯಲು ಬೇಕಾದ ಕೋಲೇ ಆಗಿರುವಂಥದ್ದು: ಮುಂದಿನ ಹಂಗಾಮಿಗೆ ಈ ಅಂಚು ಓಡುತ್ತದೆಯೇ, ನೂಲಿನ ದರ ನಿಜವಾಗಿ ಎಷ್ಟು ಏರಿತು, ರೊಕ್ಕ ಯಾವಾಗ ಕೈಗೆ ಬರುತ್ತದೆ. ಇದನ್ನು ಬಚ್ಚಿಡುವುದು ತಕ್ಕಡಿಯ ತಟ್ಟೆಗೆ ಅಡಿಯಿಂದ ಮೇಣ ಅಂಟಿಸಿದ ಹಾಗೆ. ಅಳತೆ ಕೆಡಿಸಲು ಕಲ್ಲು ಬದಲಿಸಬೇಕಾಗಿಲ್ಲ, ಕತ್ತಲು ಮಾಡಿದರೂ ಆಯಿತು. ಲಕ್ಕಮ್ಮನ ಕಣ್ಣಿನಿಂದ ನೋಡಿದರೂ ಇದು ಅದೇ ಹೆಚ್ಚಿನ ಅಕ್ಕಿ: ಇನ್ನೊಬ್ಬನ ಪಾಲಿನ ಅರಿವು.

ಒಬ್ಬೊಬ್ಬರ ಸದ್ಗುಣದ ಮೇಲೆ ಇದನ್ನು ಬಿಟ್ಟರೆ ಬಹುಕಾಲ ನಿಲ್ಲುವುದಿಲ್ಲ ಎಂಬುದನ್ನು ಗದಗ ತಾಲ್ಲೂಕಿನ ಕಣಗಿನಹಾಳ 1905ರಲ್ಲೇ ಕಂಡುಕೊಂಡಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ದೇಶದ ಮೊದಲನೆಯದು ಎಂದು ಗುರುತಿಸುತ್ತಾರೆ. ಸಂಘ ಸಾಲದ ಬಡ್ಡಿ ಇಳಿಸಿತು ಎಂಬುದು ಎಲ್ಲರೂ ಹೇಳುವ ಮಾತು. ಸಾವುಕಾರನ ಪೆಟ್ಟಿಗೆಯಲ್ಲಿ ಇರುತ್ತಿದ್ದ ಲೆಕ್ಕ ಸದಸ್ಯರ ಸಭೆಯ ಮುಂದೆ ಓದಿ ಹೇಳಬೇಕಾದ ಲೆಕ್ಕವಾಯಿತು ಎಂಬುದು ಅಷ್ಟೇ ದೊಡ್ಡ ಬದಲಾವಣೆ. ನೇಕಾರರ ಸಹಕಾರ ಸಂಘಗಳು ಇದೇ ಮಾದರಿಯಲ್ಲಿ ಬಂದವು. ಕೆಲವು ಕಡೆ ಆಡಳಿತ ಮಂಡಳಿಯೇ ಹೊಸ ಸಾವುಕಾರನಾದದ್ದೂ ಉಂಟು. 2006ರ ಸಣ್ಣ ಉದ್ದಿಮೆಗಳ ಕಾಯಿದೆ ಕೊಳ್ಳುವವನು ಬರೆದ ಕರಾರಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ರೊಕ್ಕ ಕೊಡಬೇಕು, ತಪ್ಪಿದರೆ ಬಡ್ಡಿ ಸೇರಿಸಬೇಕು ಎನ್ನುತ್ತದೆ. ಕಾಗದವೇ ಇಲ್ಲದೆ ಬಾಯಿಮಾತಿನಲ್ಲಿ ನಡೆಯುವ ವ್ಯವಹಾರಕ್ಕೆ ಆ ಗಡುವು ಯಾವಾಗ ಶುರುವಾಯಿತು ಎಂದು ತೋರಿಸುವುದೇ ಕಷ್ಟ.

ಸರಪಳಿಯ ಅರಿವು ಬೆಲೆಯ ಕಡೆಗೆ ಮಾತ್ರ ಹರಿಯುವುದಿಲ್ಲ. ತಾನು ಮಾಡಿದ್ದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದವನ ಮೇಲೆ ಒಂದು ಭಾರವೂ ಬೀಳುತ್ತದೆ. ಪಟ್ಟೇದ ಅಂಚಿನ ಸೀರೆ ಎಲ್ಲಮ್ಮನಿಗೆ ಏರಿಸುವ ಸೀರೆ, ಮದುವಣಗಿತ್ತಿಯ ಸೀರೆ, ಹೊಲಮನೆಯ ದುಡಿಮೆಯಲ್ಲಿ ವರ್ಷಗಟ್ಟಲೆ ಬಾಳುವ ಗಟ್ಟಿ ಸೀರೆ. ದೇವಿಯ ಹೆಸರಿನಲ್ಲಿ ಬಿಟ್ಟ ಹೆಣ್ಣುಮಕ್ಕಳು ಉಡುತ್ತಿದ್ದ ಸೀರೆಯೂ ಅದೇ. ಹೀಗೆ ಮುತ್ತು ಕಟ್ಟಿ ದೇವಿಗೆ ಬಿಡುವುದನ್ನು ಕರ್ನಾಟಕದ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಅಪರಾಧ ಎಂದಿತು. ನೇಕಾರನಿಗೆ ಅದರಲ್ಲಿ ಪಾಲಿತ್ತೇ? ಅರಿಯದೆ ನೇಯ್ದವನಿಗೆ ಇಲ್ಲ ಎಂದು ಸುಲಭವಾಗಿ ಹೇಳಬಹುದು. ಅರಿತು ನೇಯ್ದವನ ವಿಷಯ ಅಷ್ಟು ಸುಲಭವಲ್ಲ, ಏಕೆಂದರೆ ಅದೇ ಹಾಸಿನ ಒಂದು ಸೀರೆ ಮದುವೆ ಮನೆಗೆ, ಇನ್ನೊಂದು ಗುಡಿಗೆ, ಮತ್ತೊಂದು ದೇವಿಗೆ ಬಿಟ್ಟ ಹುಡುಗಿಯ ಮೈಗೆ ಹೋಗುತ್ತಿತ್ತು. ಕುಣಿಯಲ್ಲಿ ಕೂತವನು ಯಾವ ಎಳೆ ಯಾವುದಕ್ಕೆ ಎಂದು ಬೇರ್ಪಡಿಸಲಾರ. ಹಾಸು ಕೊಟ್ಟವನು, ಗಂಟು ಕಟ್ಟಿ ಯಾವ ಊರಿನ ಯಾವ ಅಂಗಡಿಗೆ ಎಷ್ಟು ಎಂದು ಬರೆದುಕೊಂಡವನು, ಅಷ್ಟಿಷ್ಟಾದರೂ ಬೇರ್ಪಡಿಸಬಲ್ಲವನಾಗಿದ್ದ. ಸರಪಳಿಯಲ್ಲಿ ಯಾರಿಗೆ ಹೆಚ್ಚು ಕಾಣುತ್ತದೋ ಉತ್ತರ ಹೇಳಬೇಕಾದವನೂ ಮೊದಲು ಅವನೇ. ಕುಣಿಯಲ್ಲಿದ್ದವನ ಸರದಿ ಅವನ ನಂತರ ಬರುತ್ತದೆ.